ನಾಲ್ಕನೇ ಬ್ಯಾಟರಿಯ ಮೇಲಿನ ಕೋಳಿ

ಹಾಲಿನ ವ್ಯಾನು ಇನ್ನು ಮುಂದೆ ಒಂದು ಗಂಟೆ ಮೊದಲೇ ಬರುತ್ತದೆ, ಆರೂವರೆಗೆಲ್ಲ ಕ್ಯಾನು ತುಂಬಿಸಿ ರಸ್ತೆಗೆ ತಂದಿಟ್ಟಿರಬೇಕು ಎಂದು ಚೀಟಿ ಬಂದದ್ದು ೨೦೦೯ರ ಜನವರಿಯಲ್ಲಿ, ಕಾಫಿ ಕುಯ್ಲು ಇನ್ನೂ ಮುಗಿಯದಿದ್ದ ಹೊತ್ತಿನಲ್ಲಿ. ಹಿರೇಗೋಡಿನ ಮಹಿಳಾ ಹಾಲು ಸೊಸೈಟಿಗೆ ದ್ರಾಕ್ಷಾಯಣಿ ಸೆಕ್ರೆಟರಿಯಾಗಿ ಆರು ವರ್ಷವಾಗಿತ್ತು. ಅವಳ ಊರು ಮುಳ್ಳುಗದ್ದೆಯಿಂದ ಸೊಸೈಟಿಗೆ ಮೂರು ಕಿಲೋಮೀಟರು. ಬೆಳಗೋಡಿನ ಮೊದಲ ಬಸ್ಸು ಬರುವುದೇ ಏಳಕ್ಕೆ. ಅದುವರೆಗೂ ನಡೆದೇ ಹೋಗಿ ಬರುತ್ತಿದ್ದದ್ದೇನೋ ನಿಜ, ಆದರೆ ಬೆಳಕು ಹರಿದ ಮೇಲೆ ನಡೆಯುವುದು ಬೇರೆ, ಐದು ಗಂಟೆಯ ಮಂಜಿನಲ್ಲಿ ನಡೆಯುವುದು ಬೇರೆ. ಆ ವರ್ಷ ಆನೆಗಳು ಬೇರೆ ಆಲೂರು ಕಡೆಯಿಂದ ಈ ಕಡೆಯ ಗದ್ದೆಗಳಿಗೆ ಇಳಿಯಲು ಶುರು ಮಾಡಿದ್ದವು.

ಒಂದು ವಾರ ಗಂಡ ಶಾಂತಮಲ್ಲಪ್ಪ ಟಾರ್ಚ್ ಹಿಡಿದು ಜೊತೆಗೆ ಬಂದ. ಹೋಗುವಾಗಲೂ ಗೊಣಗಿದ, ಬರುವಾಗಲೂ ಗೊಣಗಿದ.

"ಬುಡು ಅತ್ಲಾಗೆ ಈ ಸೆಕ್ರೆಟರಿ ಕೆಲ್ಸನ. ಮನೇಲಿ ಕೂತ್ರೆ ಏನಾಯ್ತದೆ?" ಎಂದ ಎಂಟನೆಯ ದಿನ.

"ಬುಡಾಕೆ ಆಗಕಿಲ್ಲ. ಕೊಟ್ಟಿಗೇಲಿ ಐತಲ್ಲ, ಆ ಬೈಕನ್ನ ಈಚೆಗೆ ತೆಗೀರಿ" ಎಂದಳು ದ್ರಾಕ್ಷಾಯಣಿ.

ಶಾಂತಮಲ್ಲಪ್ಪನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಯಿತು.

ಆ ಬೈಕಿನ ಕತೆ ಅವನಿಗೆ ಯಾರೂ ನೆನಪಿಸಬಾರದಿತ್ತು. ಎರಡು ವರ್ಷದ ಹಿಂದೆ ಕಾಫಿ ಮಾರಿ ಬರಲು ಹಾಸನಕ್ಕೆ ಹೋದವನು, ತನ್ನ ಗಟ್ಟಿಮುಟ್ಟಾದ ಮೊಪೆಡ್ಡನ್ನು ಅಲ್ಲೇ ಬದಲಿಗೆ ಕೊಟ್ಟು, ಕರೆಂಟಿನಲ್ಲಿ ಓಡುವ ನೀಲಿ ಸ್ಕೂಟರೊಂದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದಿದ್ದ. ಪೆಟ್ರೋಲು ಬೇಡ, ಲೈಸೆನ್ಸು ಬೇಡ, ರಿಜಿಸ್ಟ್ರೇಶನ್ನು ಬೇಡ, ಒಮ್ಮೆ ಚಾರ್ಜ್ ಮಾಡಿದರೆ ಅರವತ್ತು ಕಿಲೋಮೀಟರು ಎಂದು ಅಂಗಡಿಯವನು ಹೇಳಿದ್ದನ್ನು ಊರಿಗೆಲ್ಲ ಬಾಯಿಪಾಠ ಒಪ್ಪಿಸಿದ್ದ. ಊರಿನವರು ಅದಕ್ಕೆ ಬೈಕು ಎಂದೇ ಹೆಸರಿಟ್ಟರು. ಎರಡು ತಿಂಗಳು ಓಡಿತು. ಒಂದು ದಿನ ಬೆಳಗೋಡಿನ ಸಂತೆಯಿಂದ ಬರುವಾಗ ಕಲ್ಲುಗುಂಡಿ ಏರಿನಲ್ಲಿ ನಿಂತುಹೋಯಿತು. ಕಾಫಿ ತೋಟದ ಕೆಲಸದ ಹೆಂಗಸರೆಲ್ಲ ನೋಡುತ್ತಿರುವಾಗ ಅಷ್ಟುದ್ದ ಏರನ್ನು ಅವನು ತಳ್ಳಿಕೊಂಡು ಬಂದ. ಬಿದ್ದರೂ ಮೀಸೆ ಮಣ್ಣಾಗದ ಆಸಾಮಿ. "ಮಳೆಗಾಲ ಬಂತಲ್ಲ, ಆಮೇಲೆ ಓಡ್ಸಾನ ಅಂತ" ಎಂದು ಕೊಟ್ಟಿಗೆಗೆ ನೂಕಿದವನು ಮತ್ತೆ ಅತ್ತ ತಿರುಗಿ ನೋಡಲಿಲ್ಲ. ಹಾಸನದ ಆ ಅಂಗಡಿಯೂ ವರ್ಷ ತುಂಬುವುದರೊಳಗೆ ಬಾಗಿಲು ಹಾಕಿತ್ತು.

"ಅದು ಸತ್ತು ಮಣ್ಣಾಗೈತೆ ಕಣೆ. ಗುಜರಿಯೋನು ಬಂದಾಗ ಕೊಟ್ಬುಡಾನ ಅಂತಿದ್ದೆ."

"ಗುಜರಿಯೋನು ಎರಡು ವರ್ಷದಿಂದ ತಿಂಗ್ಳಿಗೊಂದ್ಸಲ ಬತ್ತಾನೇ ಅವ್ನೆ. ನೀವು ಕೊಟ್ಟಿಲ್ವಲ್ಲ?"

ಶಾಂತಮಲ್ಲಪ್ಪ ಎದ್ದು ಕೊಟ್ಟಿಗೆಗೆ ಹೋದ. ಗೋಣಿಚೀಲಗಳನ್ನು ಸರಿಸಿ ಬೈಕನ್ನು ಅಂಗಳಕ್ಕೆ ತಂದ. ದ್ರಾಕ್ಷಾಯಣಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ನೀಲಿ ಬಣ್ಣ ಹೊಸದರಂತೆಯೇ ಹೊಳೆಯಿತು. ಚಾರ್ಜರು ಸಿಕ್ಕಿಸಿದ ತಕ್ಷಣ ಹಸಿರು ದೀಪ ಹತ್ತಿತು.

"ನೋಡ್ರಿ, ಆಗ್ಲೇ ಫುಲ್ಲು ಅಂತ ತೋರಿಸ್ತೈತೆ!" ಎಂದು ಅವಳು ಹಿಗ್ಗಿದಳು. ಕೀ ತಿರುಗಿಸಿದರೆ ಒಂದು ಸಣ್ಣ ದೀಪವೂ ಮಿಣುಕಲಿಲ್ಲ. ಶಾಂತಮಲ್ಲಪ್ಪ ಎಲೆಅಡಿಕೆ ಚೀಲ ಬಿಚ್ಚಿದ. ಅವನಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಕಾಲಿಡುವ ಜಾಗದ ಹಲಗೆ ಬಿಚ್ಚಿದರೆ ಕೆಳಗೆ ನಾಲ್ಕು ಬ್ಯಾಟರಿ, ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಇಟ್ಟಿಗೆಗಳ ಹಾಗೆ ಕೂತಿದ್ದವು. ಒಂದೊಂದೂ ಏಳು ಕಿಲೋ ತೂಗುತ್ತಿತ್ತು. ಅವಳು ಎರಡು ಕಾಫಿ ಚೀಲದಲ್ಲಿ ಎರಡೆರಡು ಹಾಕಿ ಬಾಯಿ ಕಟ್ಟಿದಳು. ಬಸ್‌ಸ್ಟಾಪಿನವರೆಗೆ ಶಾಂತಮಲ್ಲಪ್ಪ ಎರಡನ್ನೂ ಹೊತ್ತುಕೊಟ್ಟ. "ಸರಿ ಆಯ್ತದೆ ಅಂತಲ್ಲ. ನಿನ್ನ ಸೊಂಟ ಹಿಡ್ಕಂಡ್ರೆ ಆಮೇಲೆ ಅಡುಗೆ ಮಾಡೋರು ಯಾರು ಅಂತ" ಎಂದು ಹೇಳುವುದನ್ನು ಮರೆಯಲಿಲ್ಲ.

ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿ ಕುಳ್ಳಯ್ಯನ ಬ್ಯಾಟರಿ ಅಂಗಡಿ. ಮಂಗಳೂರಿನಿಂದ ಬರುವ ಲಾರಿ, ಸುತ್ತಿನ ಎಸ್ಟೇಟುಗಳ ಜೀಪು, ಟ್ರ್ಯಾಕ್ಟರು, ಎಲ್ಲದರ ಬ್ಯಾಟರಿಯೂ ಅವನ ಕೈಯಿಂದ ಒಂದು ಸಲವಾದರೂ ಹಾದುಹೋಗಿತ್ತು. ಅರವತ್ತರ ಹತ್ತಿರದ ಮನುಷ್ಯ. ಆಸಿಡ್ ಸಿಡಿದು ತೂತು ಬಿದ್ದ ಖಾಕಿ ಅಂಗಿ, ಕಿವಿಯ ಮೇಲೆ ಪೆನ್ಸಿಲು. ದ್ರಾಕ್ಷಾಯಣಿ ತಂದ ಬ್ಯಾಟರಿಯನ್ನು ಎತ್ತಿ, ತಿರುಗಿಸಿ, ಬುಡ ಮೇಲು ಮಾಡಿ ನೋಡಿದ.

"ಇದಕ್ಕೆ ಬಾಯೇ ಇಲ್ವಲ್ಲ ತಾಯಿ! ನೀರು ಎಲ್ಲಿಗೆ ಹುಯ್ಯದು? ಇಂಥವು ಸೀಲ್ ಮಾಡಿರೋವು. ಹೋದ್ರೆ ಹೋದಂಗೆ."

"ಬಾಯಿ ಇಲ್ದೆ ಒಳಗೆ ಸಾಮಾನು ಹೆಂಗೆ ತುಂಬ್ಸಿದ್ರು ಕುಳ್ಳಯ್ಯಣ್ಣ?"

ಕುಳ್ಳಯ್ಯ ಪೆನ್ಸಿಲನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದ. ಅಂಥ ಪ್ರಶ್ನೆಯನ್ನು ಅವನಿಗೆ ಯಾವ ಲಾರಿ ಡ್ರೈವರೂ ಕೇಳಿರಲಿಲ್ಲ. ದ್ರಾಕ್ಷಾಯಣಿ ಬ್ಯಾಟರಿಯ ನೆತ್ತಿಯ ಮೇಲೆ ಉಗುರಾಡಿಸಿದಳು. ದಿನಾ ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಹಾಕಿ ಮಾಡುವ ಬೆರಳಿಗೆ ಕೂದಲೆಳೆಯಷ್ಟು ಸಣ್ಣ ಸಂದೊಂದು ಸಿಕ್ಕಿತು. "ಇಲ್ಲೈತೆ ನೋಡಿ ಗೆರೆ."

ಕುಳ್ಳಯ್ಯ ಕನ್ನಡಕ ಏರಿಸಿದ, ರಬ್ಬರ್ ಕೈಗವಸು ಹಾಕಿದ, ಚಪ್ಪಟೆ ಸ್ಕ್ರೂಡ್ರೈವರನ್ನು ಆ ಸಂದಿಗೆ ಕೊಟ್ಟು ಮೆಲ್ಲಗೆ ಮೀಟಿದ. ಪಟ್ ಎಂದು ಮೇಲಿನ ಮುಚ್ಚಳ ಎದ್ದಿತು. ಅದರಡಿಯಲ್ಲಿ ಆರು ರಬ್ಬರಿನ ಟೋಪಿ, ಸಾಲಾಗಿ. ಒಂದನ್ನು ತೆಗೆದು ಟಾರ್ಚ್ ಬಿಟ್ಟು ಇಣುಕಿದ.

"ಅಯ್ಯೋ ಶಿವನೇ! ಒಳಗೆ ಒಂದು ತೊಟ್ಟೂ ಇಲ್ಲ. ಒಣಗಿ ಹಪ್ಪಳ ಆಗ್ಬುಟ್ಟೈತೆ!" ಎಂದವನ ದನಿಯಲ್ಲಿ ದುಃಖಕ್ಕಿಂತ ಉತ್ಸಾಹವೇ ಜಾಸ್ತಿ ಇತ್ತು. ಲಾರಿಯವರಿಬ್ಬರು ಕಾಯುತ್ತಿದ್ದರೂ ಅವರ ಕಡೆ ನೋಡದೆ ಉಳಿದ ಮೂರನ್ನೂ ಮೀಟಿ ತೆಗೆದ.

ಈಗ ಇನ್ನೊಂದು ತೊಡಕು. ಲಾರಿ ಬ್ಯಾಟರಿಗೆ ಅವನು ಕೊಳವೆಯಿಟ್ಟು ಡಿಸ್ಟಿಲ್ ವಾಟರು ಸುರಿಯುತ್ತಿದ್ದ. ಇದರ ಬಾಯಿ ಹುರುಳಿ ಕಾಳಿನಷ್ಟು. ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆಯಾದರೆ ಕೆಲಸ ಕೆಡುತ್ತದೆ. ನಾಲ್ಕರಲ್ಲಿ ಸೇರಿ ಇಪ್ಪತ್ನಾಲ್ಕು ಬಾಯಿ, ಎಲ್ಲಕ್ಕೂ ಸಮನಾಗಿ ಕುಡಿಸಬೇಕು.

ದ್ರಾಕ್ಷಾಯಣಿ ನಕ್ಕಳು. ಆರು ವರ್ಷದಿಂದ ದಿನಕ್ಕೆರಡು ಹೊತ್ತು ಅವಳು ಮಾಡುತ್ತಿದ್ದದ್ದೇ ಆ ಕೆಲಸ. ಫ್ಯಾಟ್ ನೋಡುವುದಕ್ಕೆ ಪ್ರತಿಯೊಬ್ಬರ ಹಾಲನ್ನೂ ಗಾಜಿನ ಪಿಪೆಟ್ಟಿನಲ್ಲಿ ಎಳೆದು, ಗೆರೆಗೆ ಸರಿಯಾಗಿ ನಿಲ್ಲಿಸಿ ಬಿಡುವುದು. ಮಾರನೆಯ ದಿನ ಸೊಸೈಟಿಯ ಬೀರುವಿನಲ್ಲಿ ಮೂತಿ ಸೀಳಿದೆಯೆಂದು ಬದಿಗಿಟ್ಟಿದ್ದ ಹಳೆಯ ಪಿಪೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಬಾಳ್ಳುಪೇಟೆಗೆ ಬಂದಳು. ಅಂಗಡಿಯ ಬೆಂಚಿನ ಮೇಲೆ ಕೂತು ನೀರಿನ ಬಾಟಲಿಗೆ ಪಿಪೆಟ್ಟು ಅದ್ದಿ ಎಳೆದು, ಬೆರಳು ಒತ್ತಿ, ಒಂದೊಂದೇ ಬಾಯಿಗೆ ಬಿಟ್ಟಳು. ಒಂದು ಹನಿ ಆಚೆ ಬೀಳಲಿಲ್ಲ. ನೀರು ಬಿದ್ದಂತೆಲ್ಲ ಒಳಗಿನ ಬಿಳಿ ಹತ್ತಿಯಂಥ ಪದರ ಸುಯ್ ಎಂದು ಹೀರಿಕೊಂಡಿತು.

"ನೀವು ಡೇರಿ ಬುಟ್ಟು ಇಲ್ಲಿಗೇ ಬಂದ್ಬುಡಿ ತಾಯಿ" ಎಂದ ಕುಳ್ಳಯ್ಯ.

ಚಾರ್ಜಿಗೆ ಹಾಕುವಾಗ ಅವನು ನಡುವೆ ಒಂದು ಜೀಪಿನ ಹೆಡ್‌ಲೈಟ್ ಬಲ್ಬು ಸೇರಿಸಿದ. ಒಮ್ಮೆಗೇ ಕರೆಂಟು ನುಗ್ಗದಿರಲಿ ಎಂದು. ಬ್ಯಾಟರಿ ಕರೆಂಟು ತಗೊಳ್ಳುತ್ತಿದ್ದರೆ ಬಲ್ಬು ಹತ್ತುತ್ತದೆ, ತಗೊಳ್ಳದಿದ್ದರೆ ಇಲ್ಲ. ಮೊದಲನೆಯದಕ್ಕೆ ಕೊಟ್ಟ, ಬಲ್ಬು ಹತ್ತಲಿಲ್ಲ. ಎರಡನೆಯದು, ಮೂರನೆಯದು, ಹತ್ತಲಿಲ್ಲ. ನಾಲ್ಕನೆಯದಕ್ಕೆ ಕೊಟ್ಟದ್ದೇ ಬಲ್ಬು ಕಣ್ಣು ಕೋರೈಸುವಂತೆ ಉರಿಯಿತು.

"ಇದೊಂದು ಬದುಕೈತೆ!" ಎಂದಳು.

ಕುಳ್ಳಯ್ಯ ತಲೆಯಾಡಿಸಿದ. "ಈಗ್ಲೇ ಹೇಳಾಕಾಗಲ್ಲ. ಉಪವಾಸ ಇದ್ದೋರಿಗೆ ಒಂದೇ ಸಲ ಬಾಯಿಗೆ ತುರುಕಬಾರ್ದು. ನಿಧಾನಕ್ಕೆ ತಿನ್ಲಿ. ಗುರುವಾರ ಬನ್ನಿ."

ಗುರುವಾರ ಹಾಲಿನ ಲೆಕ್ಕ ಮುಗಿಸಿ ಅವಳು ಬಂದಾಗ ಕುಳ್ಳಯ್ಯ ಅಂಗಡಿಯಿಂದಲೇ ಕೈಬೀಸಿದ. ಎರಡು ದಿನ ಸುಮ್ಮನಿದ್ದ ಮೊದಲ ಮೂರೂ, ಮೂರನೆಯ ಸಂಜೆ ಕೆಂಡದ ಹಾಗೆ ಸಣ್ಣಗೆ ಬಲ್ಬು ಬೆಳಗಿಸಲು ಶುರು ಮಾಡಿದ್ದವಂತೆ. ಕರೆಂಟು ಹೋದಾಗಲೆಲ್ಲ ತಾನು ವಿದ್ಯುತ್ ಇಲಾಖೆಯನ್ನು ಬೈದದ್ದನ್ನು ಅವನು ವಿವರವಾಗಿ ಹೇಳಿದ. ತುಂಬಿಸಿ, ಬಲ್ಬು ಉರಿಸಿ ಖಾಲಿ ಮಾಡಿ, ಮತ್ತೆ ತುಂಬಿಸಿದ. ಪ್ರತಿ ಸಲವೂ ಬಲ್ಬು ಸ್ವಲ್ಪ ಹೆಚ್ಚು ಹೊತ್ತು ಉರಿಯುತ್ತಿತ್ತು. ಮೀಟರು ಹಿಡಿದು ತೋರಿಸಿದ: ಹನ್ನೆರಡೂವರೆ, ಹನ್ನೆರಡೂವರೆ, ಹನ್ನೆರಡು ಚಿಲ್ಲರೆ ವೋಲ್ಟು.

"ನಾಲ್ಕನೇದು?"

"ಅದೇ ಕಣಮ್ಮ ಮೋಸ ಮಾಡಿದ್ದು. ಎಷ್ಟು ತುಂಬಿದ್ರೂ ಹತ್ತರ ಮೇಲೆ ಹತ್ತಕಿಲ್ಲ. ಒಳಗಿನ ಆರು ಮನೇಲಿ ಒಂದು ಶಾರ್ಟ್ ಆಗ್ಬುಟ್ಟೈತೆ. ಅಷ್ಟು ಪ್ರಕಾಶವಾಗಿ ಉರೀತಲ್ಲ, ಆವತ್ತೇ ನಂಗೆ ಅನುಮಾನ. ಇದರ ಜೋಡೀದೇ ಇನ್ನೊಂದು ಹಳೇದು ಬೇಕು. ಮೂರು ಮುದುಕರ ಜೊತೆಗೆ ಹೊಸದನ್ನ ಕಟ್ಟಿದ್ರೆ ಇವು ಅದನ್ನೂ ಕೆಡಿಸ್ತವೆ."

ಮನೆಗೆ ಬಂದು ಇದನ್ನು ಹೇಳಿದಾಗ ಶಾಂತಮಲ್ಲಪ್ಪ ಮುದ್ದೆ ಮುರಿಯುತ್ತಿದ್ದವನು ಬಾಯಿ ತಪ್ಪಿ ಒಂದು ಮಾತಾಡಿದ.

"ಹಾನುಬಾಳು ಕಡೆ ಎಸ್ಟೇಟ್ ರೈಟರ್ ಶ್ರೀನಾಥ ಅಂತ ಒಬ್ರು ಅವ್ರೆ. ಅವ್ರೂ ಆವತ್ತೇ ಅದೇ ಅಂಗಡೀಲಿ ಕೆಂಪುದು ತಗಂಡ್ರು. ಒಂದೇ ಟೆಂಪೋದಲ್ಲಿ ಹೇರ್ಕಂಡು ಬಂದ್ವಿ."

"ಎರಡು ವರ್ಷದಿಂದ ಹೇಳ್ಳೇ ಇಲ್ವಲ್ರೀ!"

"ಹೇಳೋದೇನು? ಅವ್ರದು ಓಡ್ತಾ ಇದ್ರೆ?" ಎಂದ ಶಾಂತಮಲ್ಲಪ್ಪ ಸಣ್ಣ ದನಿಯಲ್ಲಿ.

ದ್ರಾಕ್ಷಾಯಣಿಗೆ ನಗು ಬಂತು, ಪಾಪವೂ ಅನ್ನಿಸಿತು. ಇಷ್ಟು ದಿನ ಈ ಮನುಷ್ಯ ಹಾನುಬಾಳಿನ ಕೆಂಪು ಬೈಕಿಗೆ ಹೆದರಿಕೊಂಡಿದ್ದನಲ್ಲ! ಭಾನುವಾರ ಮಧ್ಯಾಹ್ನ ಇಬ್ಬರೂ ಹೊರಟರು. ಶಾಂತಮಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಹಾನುಬಾಳಿನಲ್ಲಿ ಬಸ್ಸಿಳಿದು, ಅಲ್ಲಿಂದ ಆಳುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಜೀಪಿನಲ್ಲಿ ಎಸ್ಟೇಟಿನ ಆಳುಗಳ ಸಾಲುಮನೆ ಲೈನುಗಳವರೆಗೆ ಹೋದರು.

ರೈಟರ್ ಶ್ರೀನಾಥ್ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬೈಕು ಎಂದದ್ದೇ ತಲೆ ಕೆರೆದುಕೊಂಡು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಸೌದೆ ಕೊಟ್ಟಿಗೆಯಲ್ಲಿ ಕೆಂಪು ಬೈಕು ನಿಂತಿತ್ತು. ಕನ್ನಡಿಯ ಮೇಲೆ ಒಂದು ಹುಂಜ. ಹ್ಯಾಂಡಲ್ಲಿನ ಮೇಲೆ ಎರಡು ಹೇಂಟೆ. ಬೈಕಿನ ಬಣ್ಣ ಕೆಂಪೋ ಬಿಳಿಯೋ ಹೇಳುವ ಸ್ಥಿತಿಯಲ್ಲಿರಲಿಲ್ಲ.

"ಎಷ್ಟು ದಿನ ಓಡ್ತು ನಿಮ್ದು?" ಶಾಂತಮಲ್ಲಪ್ಪ ಉಸಿರು ಬಿಗಿಹಿಡಿದು ಕೇಳಿದ.

"ಆರು ವಾರ."

"ನಂದು ಎರಡು ತಿಂಗ್ಳು!" ಎಂದ ಶಾಂತಮಲ್ಲಪ್ಪ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಹತ್ತು ನಿಮಿಷದಲ್ಲಿ ಇಬ್ಬರೂ ಕಲ್ಲಿನ ಮೇಲೆ ಅಕ್ಕಪಕ್ಕ ಕೂತು, ಹಾಸನದ ಆ ಅಂಗಡಿಯವನ ವಂಶವನ್ನೇ ಜಾಲಾಡಿ, ನಕ್ಕು, ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡರು. ದ್ರಾಕ್ಷಾಯಣಿ ಈ ನಡುವೆ ಕಾಲಿಡುವ ಹಲಗೆಯ ಹತ್ತಿರ ಬಗ್ಗಿದಳು. ಅಲ್ಲಿ ಹುಲ್ಲು ಹಾಸಿದ ಬಿದಿರ ಬುಟ್ಟಿ, ಬುಟ್ಟಿಯಲ್ಲಿ ರೆಕ್ಕೆ ಅಗಲಿಸಿ ಕೂತ ಒಂದು ದೊಡ್ಡ ಕಂದು ಕೋಳಿ. ಅವಳ ಕೈ ಕಂಡದ್ದೇ ಅದು ಕೊರ್ ಎಂದು ಮೈ ಉಬ್ಬಿಸಿತು.

"ಮುಟ್ಟಬ್ಯಾಡಿ ಮುಟ್ಟಬ್ಯಾಡಿ!" ಎನ್ನುತ್ತ ರೈಟರ ಹೆಂಡತಿ ನಾಗರತ್ನಮ್ಮ ಸೌಟು ಹಿಡಿದೇ ಓಡಿಬಂದರು. "ಕಾವಿಗೆ ಕೂತೈತೆ. ಹೋದ್ಸಲ ಜಾಗ ಬದಲಾಯ್ಸಿದ್ದಕ್ಕೆ ಮೊಟ್ಟೆ ಬುಟ್ಟು ಎದ್ದು ಹೋಯ್ತು, ಹನ್ನೆರಡೂ ಕೊಳೆತು ಹೋದ್ವು. ಈ ಸಲ ನಾನು ಅಲ್ಲಾಡ್ಸಾಕೆ ಬುಡಕಿಲ್ಲ."

"ಅಕ್ಕ, ನಂಗೆ ಅದರ ಕೆಳಗಿರೋ ಬ್ಯಾಟರಿ ಒಂದು ಬೇಕಿತ್ತು."

"ಒಂದ್ಯಾಕೆ, ನಾಲ್ಕೂ ತಗಂಡು ಹೋಗಿ. ಆದ್ರೆ ಮರಿ ಆದ್ಮೇಲೆ."

"ಇನ್ನೆಷ್ಟು ದಿನ ಆಯ್ತದೆ?"

ನಾಗರತ್ನಮ್ಮ ಬೆರಳು ಮಡಚಿದರು. "ಇವತ್ತಿಗೆ ಹನ್ನೆರಡು ದಿನ. ಇನ್ನು ಒಂಬತ್ತು."

ಶ್ರೀನಾಥ್ ಏನೋ ಹೇಳಲು ಬಾಯಿ ತೆರೆದರು. ಹೆಂಡತಿಯ ಕೈಯ ಸೌಟು ನೋಡಿ ಮುಚ್ಚಿಕೊಂಡರು. ಇನ್ನೂರು ಆಳುಗಳಿಗೆ ಕೆಲಸ ಹಂಚುವ ರೈಟರ ಮಾತು ಈ ಕೊಟ್ಟಿಗೆಯಲ್ಲಿ ನಡೆಯುವಂತಿರಲಿಲ್ಲ. ದ್ರಾಕ್ಷಾಯಣಿ ಒತ್ತಾಯ ಮಾಡಲಿಲ್ಲ. ಹಟ್ಟಿಯಲ್ಲಿ ದನ ಈಯುವುದನ್ನು ಕಾದು ಕಾದು ರೂಢಿಯಿದ್ದವಳಿಗೆ ಕೋಳಿಯ ಕಷ್ಟ ಗೊತ್ತಾಗದೆ? ನಾಗರತ್ನಮ್ಮ ಕೊಟ್ಟ ಅಕ್ಕಿರೊಟ್ಟಿ ತಿಂದು, ಮನೆಯ ಫೋನ್ ನಂಬರು ಬರೆದುಕೊಟ್ಟು ಬಂದಳು.

ಆ ಒಂಬತ್ತು ದಿನ ಗಂಡಹೆಂಡತಿ ಮಂಜಿನಲ್ಲೇ ನಡೆದರು. ಆದರೆ ಶಾಂತಮಲ್ಲಪ್ಪನ ಗೊಣಗಾಟ ನಿಂತಿತ್ತು. "ಆ ಕೋಳಿಗೆ ಚಳಿ ಆಗದಿದ್ರೆ ಸಾಕು" ಎನ್ನುತ್ತಿದ್ದ. ಒಂದು ಬೆಳಿಗ್ಗೆ ದೂರದ ಗದ್ದೆಯಲ್ಲಿ ಪಟಾಕಿ ಹೊಡೆದು ಆನೆ ಅಟ್ಟುವ ಸದ್ದು ಕೇಳಿ ಇಬ್ಬರೂ ಅರ್ಧ ಗಂಟೆ ಒಂದು ಲೈನು ಮನೆಯ ಜಗಲಿಯಲ್ಲಿ ನಿಂತರು. ಆವತ್ತು ವ್ಯಾನಿನವನು ಕಾಯದೆ ಹೊರಟುಹೋಗಿ ಎರಡು ಕ್ಯಾನು ಹಾಲು ಉಳಿಯಿತು. ಸೊಸೈಟಿಯ ಹೆಂಗಸರು ಬೈಯಲಿಲ್ಲ, ಆದರೆ ದ್ರಾಕ್ಷಾಯಣಿಗೆ ಅವತ್ತು ಊಟ ಸೇರಲಿಲ್ಲ.

ಹತ್ತನೆಯ ದಿನ ಫೋನು ಬಂತು. "ಹನ್ನೊಂದು ಮರಿ ಕಣ್ರೀ! ಒಂದೇ ಮೊಟ್ಟೆ ಹಾಳು!" ನಾಗರತ್ನಮ್ಮನ ದನಿ ಅಡುಗೆಮನೆಯವರೆಗೆ ಕೇಳಿಸಿತು. ಶಾಂತಮಲ್ಲಪ್ಪನೇ ಹೋಗಿ ನಾಲ್ಕೂ ಬ್ಯಾಟರಿ ಬಿಚ್ಚಿಸಿ, ನೇರ ಬಾಳ್ಳುಪೇಟೆಗೆ ಹೊತ್ತ. ಕುಳ್ಳಯ್ಯ ಅವುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ನೀರು ಕುಡಿಸಿದ, ಬಲ್ಬು ಕಟ್ಟಿದ, ನಾಲ್ಕು ದಿನ ಉಪಚಾರ ಮಾಡಿದ. ಐದನೆಯ ದಿನ ಅಂಗಡಿಗೆ ಬೀಗ ಹಾಕಿ ಬ್ಯಾಟರಿಗಳ ಸಮೇತ ತಾನೇ ಮುಳ್ಳುಗದ್ದೆಯ ಬಸ್ಸು ಹತ್ತಿದ. ಓಡುವುದನ್ನು ಕಣ್ಣಾರೆ ನೋಡದೆ ಇರಲು ಅವನಿಂದಾಗಿರಲಿಲ್ಲ.

ಅಂಗಳದಲ್ಲಿ ಹಲಗೆ ಬಿಚ್ಚಿ, ನಾಲ್ಕನ್ನೂ ಪೆಟ್ಟಿಗೆಗಿಳಿಸಿ, ಕೆಂಪು ತಂತಿ ಕಪ್ಪು ತಂತಿ ಬಿಗಿದ. ಮನೆಯ ಚಾರ್ಜರು ಸಿಕ್ಕಿಸಿದರು. ಈ ಸಲ ಕೆಂಪು ದೀಪ ಹತ್ತಿತು.

"ಕೆಂಪು ಬಂತಲ್ಲ!" ಎಂದು ದ್ರಾಕ್ಷಾಯಣಿ ಎದೆ ಹಿಡಿದುಕೊಂಡಳು.

"ಕೆಂಪು ಅಂದ್ರೆ ಉಣ್ತಾ ಐತೆ ಅಂತ ತಾಯಿ. ಆವತ್ತು ಹಸಿರು ತೋರಿಸ್ತಲ್ಲ, ಅದು ಉಣ್ಣಾಕೆ ಬಾಯೇ ತೆಗೀದೇ ಇದ್ದಿದ್ದು."

ಸಂಜೆ ನಾಲ್ಕಕ್ಕೆ ಹಸಿರು ಬಂತು. ಶಾಂತಮಲ್ಲಪ್ಪ ಲುಂಗಿ ಎತ್ತಿಕಟ್ಟಿ ಮುಂದೆ ಬಂದ. ದ್ರಾಕ್ಷಾಯಣಿ ಅವನಿಗಿಂತ ಮೊದಲೇ ಸೀಟಿನ ಮೇಲೆ ಕೂತಿದ್ದಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲು ತುಳಿದದ್ದು ಬಿಟ್ಟರೆ ಅವಳಿಗೆ ಬೇರೆ ಅನುಭವವಿರಲಿಲ್ಲ. ಕೀ ತಿರುಗಿಸಿದಳು. ಹ್ಯಾಂಡಲ್ಲು ತಿರುವಿದಳು. ಸದ್ದಿಲ್ಲದೆ ಬೈಕು ಚಂಗನೆ ಮುಂದಕ್ಕೆ ಹಾರಿತು.

"ಬ್ರೇಕು! ಬ್ರೇಕು ಹಿಡಿಯೇ!" ಎಂದು ಶಾಂತಮಲ್ಲಪ್ಪ ಕೂಗಿದ. ಅಂಗಳ ದಾಟಿ ಕಣಕ್ಕೆ ಇಳಿದ ಬೈಕು, ಅಚ್ಚುಕಟ್ಟಾಗಿ ಹರವಿದ್ದ ಕಾಫಿಯ ನಡುವೆ ಹೊಲ ಉತ್ತಂತೆ ಗೆರೆ ಎಳೆದುಕೊಂಡು ಹೋಗಿ ಆ ಕಡೆಯ ಕಾಫಿ ರಾಶಿಗೆ ಮೂತಿ ತಾಗಿಸಿ ನಿಂತಿತು. ಕುಳ್ಳಯ್ಯ ಓಡಿಬಂದು ಮೊದಲು ನೋಡಿದ್ದು ಬ್ಯಾಟರಿಯನ್ನು. ದ್ರಾಕ್ಷಾಯಣಿ ಸೆರಗಿನಲ್ಲಿ ತುಂಬಿದ್ದ ಕಾಫಿ ಬೀಜ ಕೊಡವುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ಓಡ್ತು! ನೋಡಿದ್ರಾ? ಓಡ್ತು!"

ಮೂರು ಸಂಜೆ ಕಣದಲ್ಲಿ ಸುತ್ತು ಹೊಡೆದು ಕಲಿತಳು. ನಾಲ್ಕನೆಯ ಬೆಳಿಗ್ಗೆ ಐದೂಕಾಲಿಗೆ ಸ್ವೆಟರು ಹಾಕಿ, ತಲೆಗೆ ಮಫ್ಲರು ಸುತ್ತಿ, ರಸ್ತೆಗಿಳಿದಳು. ಹೆಡ್‌ಲೈಟು ಮಂಜಿನಲ್ಲಿ ನಾಲ್ಕು ಮಾರು ದೂರ ತೋರಿಸಿತು. ತಿರುವು ಬಂದಲ್ಲೆಲ್ಲ ಹಾರನ್ ಒತ್ತಿದಳು. ಆನೆಯಿದ್ದರೆ ಅದಕ್ಕೂ ಗೊತ್ತಾಗಲಿ, ತನಗೂ ಧೈರ್ಯವಾಗಲಿ ಎಂದು. ಕಲ್ಲುಗುಂಡಿ ಏರಿನ ಬುಡದಲ್ಲಿ ಹ್ಯಾಂಡಲ್ಲನ್ನು ಪೂರ್ತಿ ತಿರುವಿದಳು. ಬೈಕು ಅರ್ಧದವರೆಗೆ ಏದುಸಿರು ಬಿಡುತ್ತ ಹತ್ತಿತು, ಆಮೇಲೆ ಮುದಿ ಎತ್ತಿನ ಹಾಗೆ ನಿಧಾನವಾಯಿತು. ಅವಳು ಇಳಿದಳು. ಹ್ಯಾಂಡಲ್ಲು ಸ್ವಲ್ಪವೇ ತಿರುವಿ ಪಕ್ಕದಲ್ಲಿ ನಡೆದಳು. ಭಾರವಿಳಿದ ಬೈಕು ತಾನೇ ಏರಿತು. ತಳ್ಳುವ ಕೆಲಸವೇ ಇರಲಿಲ್ಲ. ನೆತ್ತಿಯಲ್ಲಿ ಮತ್ತೆ ಹತ್ತಿ ಕೂತು ಒಂದೇ ಓಟದಲ್ಲಿ ಹಿರೇಗೋಡಿಗೆ ಇಳಿದಳು.

ಸೊಸೈಟಿಯ ಬಾಗಿಲಲ್ಲಿ ದಿನಾ ಎಲ್ಲರಿಗಿಂತ ಮೊದಲು ಹಾಲು ತರುವ ಗಂಗಾಮಣಿ ಬಿಂದಿಗೆ ಹಿಡಿದು ನಿಂತಿದ್ದಳು. ಸದ್ದೇ ಇಲ್ಲದೆ ಮಂಜಿನಿಂದ ಬೆಳಕೊಂದು ತೇಲಿ ಬಂದದ್ದು ಕಂಡು ಹೌಹಾರಿ, "ಯಾರದು!" ಎಂದು ಕೂಗಿದಳು.

"ನಾನು ಕಣೇ, ಸೆಕ್ರೆಟರಿ."

"ಅಯ್ಯೋ, ದೆವ್ವ ಅಂದ್ಕಂಡೆ ಕಣಕ್ಕ! ಜೀವ ಹೋಗ್ಬುಟ್ಟಿತ್ತು!"

ಆವತ್ತು ಆರಕ್ಕೆಲ್ಲ ಕ್ಯಾನುಗಳು ರಸ್ತೆಯ ಬದಿಯಲ್ಲಿದ್ದವು. ವ್ಯಾನಿನ ಡ್ರೈವರು ಬಂದವನು ಹಾಲು ಹತ್ತಿಸುವುದು ಬಿಟ್ಟು ಬೈಕಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ.

ಅಂಗಡಿಯವನು ಹೇಳಿದ್ದ ಅರವತ್ತು ಕಿಲೋಮೀಟರು ಅದು ಎಂದೂ ಓಡಲಿಲ್ಲ. ಹದಿನಾರು ಓಡುತ್ತಿತ್ತು. ಎರಡು ಹೊತ್ತು ಸೊಸೈಟಿಗೆ ಹೋಗಿ ಬರಲು ಹನ್ನೆರಡು ಸಾಕು, ಮಿಕ್ಕ ನಾಲ್ಕರಲ್ಲಿ ಅವಳು ಅಂಗಡಿ, ಅಂಚೆ, ನೆಂಟರ ಮನೆ ಮುಗಿಸುತ್ತಿದ್ದಳು. ತಿಂಗಳಿಗೊಮ್ಮೆ ಹಲಗೆ ಬಿಚ್ಚಿ ಇಪ್ಪತ್ನಾಲ್ಕು ಬಾಯಿಗೂ ಇಣುಕಿ, ಒಣಗಿದ್ದರೆ ಪಿಪೆಟ್ಟಿನಲ್ಲಿ ನೀರು ಬಿಡುವುದನ್ನು ತಪ್ಪಿಸಲಿಲ್ಲ. ಕುಳ್ಳಯ್ಯನ ಕಡೆಗೆ ಆ ಬೇಸಿಗೆಯಲ್ಲಿ ಸಕಲೇಶಪುರದಿಂದಲೂ ಇಂಥವೇ ಮೂರು ಬೈಕಿನ ಬ್ಯಾಟರಿ ಬಂದವು. ಅವನು ಪ್ರತಿಯೊಬ್ಬರಿಗೂ "ಇದಕ್ಕೆ ಬಾಯಿ ಇಲ್ಲ ಅಂತಾರೆ, ನಾನು ತೋರಿಸ್ತೀನಿ ಬನ್ನಿ" ಎನ್ನುತ್ತಿದ್ದನಂತೆ.

ಶಾಂತಮಲ್ಲಪ್ಪ ಮಾತ್ರ ಬೆಳಗೋಡಿನ ಹೋಟೆಲಿನಲ್ಲಿ ಕೂತು ದೋಸೆ ತಿನ್ನುತ್ತ ಸಿಕ್ಕಸಿಕ್ಕವರಿಗೆ ಹೇಳತೊಡಗಿದ: "ಪೆಟ್ರೋಲು ಏರ್ತದೆ ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣ್ರೀ. ಅದಕ್ಕೇ ಆವತ್ತೇ ತಂದು ಮನೇಲಿ ಇಟ್ಟಿದ್ದೆ."

ಪಕ್ಕದ ಅಂಗಡಿಯಲ್ಲಿ ಬೆಲ್ಲ ತೂಗಿಸುತ್ತಿದ್ದ ದ್ರಾಕ್ಷಾಯಣಿಗೆ ಅದು ಕೇಳಿಸಿತು. ಬೆಲ್ಲದ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಹೋಟೆಲಿನ ಬಾಗಿಲಿಗೆ ಬಂದು, "ದೂರದೃಷ್ಟಿ ಮುಗೀತಾ? ನಾನು ಹೊಂಟೆ. ನೀವು ಬಸ್ಸಿಗೆ ಬನ್ನಿ" ಎಂದಳು. ಹೋಟೆಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಶಾಂತಮಲ್ಲಪ್ಪನೇ.